ತರಕಾರಿಯ ನೀರೇ ಮಫಿನ್‌ನ ಜೀವ

ಸಂಜೆಯ ಹೊತ್ತು ಯಲಹಂಕದ ಕಡೆಯಿಂದ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಬರುವ ಬಸ್ಸುಗಳು ರಾಜಾನುಕುಂಟೆಯಲ್ಲಿ ನಿಂತಾಗ ಬೆನ್ನಿಗೆ ಚೀಲ ಹೊತ್ತ ವಿದ್ಯಾರ್ಥಿಗಳು ಸಾಲಾಗಿ ಇಳಿಯುತ್ತಾರೆ. ಮಧ್ಯಾಹ್ನದ ಬುತ್ತಿ ಕರಗಿ ಎಷ್ಟೋ ಹೊತ್ತಾಗಿರುತ್ತದೆ. ರಾತ್ರಿಯ ಮುದ್ದೆ-ಸಾರಿಗೆ ಇನ್ನೂ ಮೂರು ಗಂಟೆ ಕಾಯಬೇಕು. ಈ ನಡುವಿನ ಹಸಿವೇ ಬೇಕರಿಗಳ ಬಂಡವಾಳ. ಪಫ್, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್‌ಗಳ ಸಾಲಿಗೆ ಈಗ ಕಾಗದದ ಬಟ್ಟಲಲ್ಲಿ ಕುಳಿತ ಮಫಿನ್ ಕೂಡ ಸೇರಿದೆ.

ಮಕ್ಕಳಿಗೆ ಮಫಿನ್ ಇಷ್ಟ. ತಂದೆ-ತಾಯಿಯರಿಗೆ ಮಾತ್ರ ಒಂದು ಅಳುಕು: ಇದರಲ್ಲಿ ಮೈದಾ ಎಷ್ಟು, ಸಕ್ಕರೆ ಎಷ್ಟು, ಎಣ್ಣೆ ಯಾವುದು? ಅಳುಕು ಸುಳ್ಳಲ್ಲ. ಮಕ್ಕಳು ತಿನ್ನುವ ಸಕ್ಕರೆಯ ಪ್ರಮಾಣವನ್ನು ಬಿಂಬಿಸುವ ‘ಶುಗರ್ ಬೋರ್ಡ್’ಗಳನ್ನು ಶಾಲೆಗಳಲ್ಲಿ ಹಾಕಬೇಕೆಂದು ಸಿಬಿಎಸ್‌ಇ 2025ರಲ್ಲಿ ತನ್ನ ಶಾಲೆಗಳಿಗೆ ಸೂಚಿಸಿತು. ಹಾಗೆಂದು ಮಕ್ಕಳ ಕೈಯಿಂದ ತಿಂಡಿ ಕಿತ್ತುಕೊಂಡರೆ ಹಸಿವು ಹೋಗುವುದಿಲ್ಲ. ಅದನ್ನೇ ಮನೆಯಲ್ಲಿ, ಕಣ್ಣೆದುರಿನ ಸಾಮಗ್ರಿಯಿಂದ ಮಾಡಿಕೊಟ್ಟರೆ? ಇನ್ನೂ ಒಳ್ಳೆಯದೆಂದರೆ, ಮಕ್ಕಳಿಂದಲೇ ಮಾಡಿಸಿದರೆ?

ಇಲ್ಲೇ ಹಲವರು ಕೈ ಬಿಡುತ್ತಾರೆ. ‘ಮೊದಲ ದಿನ ಪರವಾಗಿಲ್ಲ, ಮಾರನೆಯ ದಿನ ಇಟ್ಟಿಗೆಯಂತಾಯಿತು’ ಎಂಬುದು ಸಾಮಾನ್ಯ ದೂರು. ಇದಕ್ಕೆ ಉತ್ತರ ದುಬಾರಿ ಬೆಣ್ಣೆಯಲ್ಲೂ ಇಲ್ಲ, ವಿದೇಶಿ ಓವನ್‌ನಲ್ಲೂ ಇಲ್ಲ. ತಳ್ಳುಗಾಡಿಯಲ್ಲಿ ಸಿಗುವ ಕ್ಯಾರೆಟ್, ಸಿಹಿಗುಂಬಳ, ಸೋರೆಕಾಯಿ ಮತ್ತು ಯಾರೂ ಕೇಳದ ಕಪ್ಪು ಚುಕ್ಕೆಯ ಬಾಳೆಹಣ್ಣಿನಲ್ಲಿದೆ.

ಹೆಸರು ಹೊಸದು, ಉಪಾಯ ಹಳೆಯದು

ಹಣ್ಣು-ತರಕಾರಿಯ ರಸದಲ್ಲೇ ಹಿಟ್ಟು ಕಲಸುವುದು ನಮ್ಮ ಅಡುಗೆಮನೆಗಳಿಗೆ ಹೊಸತೇನಲ್ಲ. ಮಲೆನಾಡಿನ ಹಲಸಿನ ಹಣ್ಣಿನ ಕಡುಬು ಎಲ್ಲರಿಗೂ ಗೊತ್ತು. ಉತ್ತರ ಕನ್ನಡದ ಕರಾವಳಿಯ ಕೊಂಕಣಿ ಮನೆಗಳಲ್ಲಿ ‘ತವಸಳಿ’ ಎಂಬ ಸಿಹಿ ಇದೆ. ದೊಡ್ಡ ಸೌತೆಕಾಯಿಯ ತುರಿಗೆ ಅಕ್ಕಿ ರವೆ, ಬೆಲ್ಲ, ತೆಂಗಿನ ತುರಿ ಬೆರೆಸಿ, ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ಬೇಯಿಸುವ ಪದ್ಧತಿ ಅದು. ಬೇಕಿಂಗ್ ಎಂದರೆ ಇದೇ ತಾನೆ? ಮಂಗಳೂರು ಬನ್ಸ್‌ನಲ್ಲೂ ಹಣ್ಣಾದ ಬಾಳೆ, ಮೊಸರು, ಸೋಡಾ ಈ ಮೂರರದೇ ಆಟ. ಎಣ್ಣೆಯಲ್ಲಿ ಕರಿಯುವ ಬದಲು ಅದೇ ಮೂವರನ್ನು ಒಣ ಶಾಖದಲ್ಲಿ ಬೇಯಿಸಿದರೆ ಮಫಿನ್‌ಗೆ ಅರ್ಧ ದಾರಿ ನಡೆದಂತೆ.

ಮೊಟ್ಟೆ ಬೇಕೇ ಬೇಕೆ ಎಂದು ಕೇಳುವವರಿಗೆ ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳೇ ಉತ್ತರ. ಮೊಟ್ಟೆ ಇಲ್ಲದೆಯೂ ಮೆತ್ತನೆಯ ಕೇಕು ಮಾಡಬಹುದೆಂದು ಅವು ತಲೆಮಾರುಗಳಿಂದ ತೋರಿಸಿಕೊಟ್ಟಿವೆ.

ಒಣಗುವುದೇಕೆ?

ಕ್ಯಾರೆಟ್‌ನ ತೂಕದಲ್ಲಿ ಶೇ 85ಕ್ಕೂ ಹೆಚ್ಚು ಭಾಗ ನೀರು. ಸಿಹಿಗುಂಬಳ, ಸೋರೆಕಾಯಿಗಳಲ್ಲಿ ಶೇ 90ಕ್ಕೂ ಹೆಚ್ಚು. ಬಾಳೆಹಣ್ಣಿನಲ್ಲಿ ಸುಮಾರು ಮುಕ್ಕಾಲು ಪಾಲು. ಈ ನೀರಿಗೂ ನಲ್ಲಿಯ ನೀರಿಗೂ ವ್ಯತ್ಯಾಸವಿದೆ. ಸುರಿದ ನೀರು ಓವನ್‌ನ ಶಾಖಕ್ಕೆ ಬೇಗ ಆವಿಯಾಗುತ್ತದೆ. ತರಕಾರಿಯ ನೀರು ನಾರು ಮತ್ತು ಪೆಕ್ಟಿನ್‌ಗಳ ಹಿಡಿತದಲ್ಲಿರುವುದರಿಂದ ನಿಧಾನವಾಗಿ ಬಿಡುಗಡೆಯಾಗುತ್ತದೆ. ಬೆಂದ ಮೇಲೂ ಒಂದಿಷ್ಟು ಒಳಗೇ ಉಳಿದು, ಮಾರನೆಯ ದಿನಕ್ಕೂ ಮಫಿನ್ ಹಸಿಯಾಗಿರುತ್ತದೆ. ಬೆಲ್ಲ, ಸಕ್ಕರೆಗಳೂ ತೇವವನ್ನು ಹಿಡಿದಿಡುತ್ತವೆ. ತಣ್ಣಗಾದಾಗ ಬೆಣ್ಣೆ ಗಟ್ಟಿಯಾಗುತ್ತದೆ, ಎಣ್ಣೆ ಆಗುವುದಿಲ್ಲ. ಆದ್ದರಿಂದ ಮೆದುತನಕ್ಕೆ ಎಣ್ಣೆಯೇ ಲೇಸು.

ಇಟ್ಟಿಗೆಯಾಗಲು ಇನ್ನೊಂದು ಕಾರಣ ನಮ್ಮ ಕೈಯೇ! ಚಪಾತಿ ಹಿಟ್ಟನ್ನು ನಾದಿದಷ್ಟೂ ಒಳ್ಳೆಯದು. ನಾದಿದಾಗ ಗೋಧಿಯಲ್ಲಿನ ಪ್ರೋಟೀನು ಗ್ಲುಟೆನ್ ಎಂಬ ಜಾಲವಾಗಿ ಹೆಣೆದುಕೊಂಡು ಹಿಟ್ಟಿಗೆ ಜಿಗುಟು ಬರುತ್ತದೆ. ಮಫಿನ್‌ಗೆ ಈ ಜಾಲವೇ ಶತ್ರು. ಒಣ ಹಿಟ್ಟು ಕಾಣದಂತಾದ ಕೂಡಲೇ ಕಲಸುವುದನ್ನು ನಿಲ್ಲಿಸಬೇಕು. ಸಣ್ಣಪುಟ್ಟ ಗಂಟುಗಳಿದ್ದರೆ ಇರಲಿ.

ಉಬ್ಬಿಸುವ ಅನಿಲ

ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್‌ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ಇದ್ದ. ಅವನ ಹೆಂಡತಿಗೆ ಮೊಟ್ಟೆಯೂ ಆಗದು, ಬ್ರೆಡ್ ಹುಳಿ ಬರಿಸುವ ಯೀಸ್ಟೂ ಆಗದು. ಅವಳಿಗಾಗಿ ಅವನು 1843ರಲ್ಲಿ ಯೀಸ್ಟ್ ಇಲ್ಲದೆ ಹಿಟ್ಟನ್ನು ಉಬ್ಬಿಸುವ ಬೇಕಿಂಗ್ ಪೌಡರ್ ರೂಪಿಸಿದ. ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳಿಗೆ ಇದರ ಒಳಗುಟ್ಟು ‘ಆಮ್ಲ, ಪ್ರತ್ಯಾಮ್ಲ, ಲವಣ’ಗಳ ಪಾಠದಲ್ಲೇ ಇದೆ: ಅಡುಗೆ ಸೋಡಾ ಎಂಬ ಸೋಡಿಯಂ ಹೈಡ್ರೋಜನ್ ಕಾರ್ಬೊನೇಟ್, ಅದರೊಡನೆ ಪುಡಿ ರೂಪದ ಒಂದು ಆಮ್ಲ. ನೀರು ಸೋಕಿದೊಡನೆ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಹುಟ್ಟಿ ಹಿಟ್ಟನ್ನು ಎತ್ತುತ್ತವೆ.

ಬರೀ ಸೋಡಾ ಹಾಕಿದರೆ ಆಮ್ಲವನ್ನು ನಾವೇ ಒದಗಿಸಬೇಕು. ಹುಳಿ ಮೊಸರು ಆ ಕೆಲಸ ಮಾಡುತ್ತದೆ. ಸೋಡಾ ಹೆಚ್ಚಾದರೆ ಸಾಬೂನಿನಂಥ ರುಚಿ ಬರುತ್ತದೆ. ಇನ್ನೊಂದು ಮಾತು: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ತುಸು ಕಡಿಮೆ, ಗುಳ್ಳೆಗಳು ತುಸು ಹೆಚ್ಚೇ ಹಿಗ್ಗುತ್ತವೆ. ವಿದೇಶಿ ಪುಸ್ತಕ ನೋಡಿ ಅಳತೆ ಹಾಕುವವರು ಬೇಕಿಂಗ್ ಪೌಡರನ್ನು ಒಂದು ಚಿಟಿಕೆ ಕಡಿಮೆ ಮಾಡಿದರೆ ನಷ್ಟವಿಲ್ಲ. ಮಫಿನ್ ಚೆನ್ನಾಗಿ ಉಬ್ಬಿ ನಡುವೆ ಕುಸಿದರೆ ಉಬ್ಬಿಸುವ ಪುಡಿ ಹೆಚ್ಚಾಗಿರಬಹುದು, ಇಲ್ಲವೇ ಒಳಗಿನ್ನೂ ಬೆಂದಿಲ್ಲವೆಂದು ತಿಳಿಯಿರಿ.

ಕ್ಯಾರೆಟ್-ಬಾಳೆಹಣ್ಣಿನ ಮಫಿನ್

ಬೇಕಾಗುವ ಸಾಮಗ್ರಿ (12 ಮಫಿನ್‌ಗೆ): ಗೋಧಿ ಹಿಟ್ಟು 150 ಗ್ರಾಂ, ಮೈದಾ 50 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಉಪ್ಪು ಕಾಲು ಟೀ ಚಮಚ, ಏಲಕ್ಕಿ ಅಥವಾ ಚಕ್ಕೆ ಪುಡಿ ಅರ್ಧ ಟೀ ಚಮಚ, ಪುಡಿ ಬೆಲ್ಲ 120 ಗ್ರಾಂ, ಅಡುಗೆ ಎಣ್ಣೆ 80 ಮಿ.ಲೀ., ಹುಳಿ ಮೊಸರು 150 ಮಿ.ಲೀ., ಚೆನ್ನಾಗಿ ಕಳಿತ ಪಚ್ಚಬಾಳೆ 2 (ಸಿಪ್ಪೆ ತೆಗೆದು 200 ಗ್ರಾಂ), ಸಣ್ಣಗೆ ತುರಿದ ಕ್ಯಾರೆಟ್ 100 ಗ್ರಾಂ, ಬೇಕಾದರೆ ಎರಡು-ಮೂರು ಚಮಚ ಹಾಲು. ತಕ್ಕಡಿ ಇಲ್ಲದವರು ಹೀಗೆ ನೆನಪಿಡಿ: 200 ಮಿ.ಲೀ. ಲೋಟದಲ್ಲಿ ಒತ್ತದೆ ತುಂಬಿದ ಹಿಟ್ಟು ಸುಮಾರು 100 ಗ್ರಾಂ ತೂಗುತ್ತದೆ.

ಮಾಡುವ ಕ್ರಮ: ಓವನ್ ಅನ್ನು 180 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾಯಲಿಡಿ. ಹಿಟ್ಟು, ಬೇಕಿಂಗ್ ಪೌಡರ್, ಸೋಡಾ, ಉಪ್ಪು, ಏಲಕ್ಕಿಯನ್ನು ಒಟ್ಟಿಗೆ ಎರಡು ಬಾರಿ ಜರಡಿ ಹಿಡಿಯಿರಿ. ಜರಡಿಯಲ್ಲಿ ಉಳಿದ ತೌಡನ್ನು ಎಸೆಯದೆ ಹಿಟ್ಟಿಗೇ ಸೇರಿಸಿ. ಇನ್ನೊಂದು ಪಾತ್ರೆಯಲ್ಲಿ ಬಾಳೆಹಣ್ಣನ್ನು ಕಿವುಚಿ, ಬೆಲ್ಲ, ಮೊಸರು, ಎಣ್ಣೆ ಹಾಕಿ ಬೆಲ್ಲ ಕರಗುವವರೆಗೆ ಕದಡಿ. ಇದಕ್ಕೆ ಕ್ಯಾರೆಟ್ ತುರಿ ಸೇರಿಸಿ. ಈಗ ಒಣ ಹಿಟ್ಟನ್ನು ಇದರ ಮೇಲೆ ಸುರಿದು, ಸೌಟಿನಿಂದ ಕೆಳಗಿನಿಂದ ಮೇಲಕ್ಕೆ ಹತ್ತು-ಹದಿನೈದು ಬಾರಿ ಮಗುಚಿ, ಅಷ್ಟೆ. ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿದ್ದು, ಸೌಟಿನಿಂದ ಮುದ್ದೆಯಾಗಿ ಬೀಳುವಂತಿರಬೇಕು. ತೀರಾ ಗಟ್ಟಿಯೆನಿಸಿದರೆ ಮಾತ್ರ ಹಾಲು ಹಾಕಿ.

ಎಣ್ಣೆ ಸವರಿದ ಅಚ್ಚುಗಳಿಗೆ ಮುಕ್ಕಾಲು ಭಾಗ ತುಂಬಿ ಕೂಡಲೇ ಓವನ್‌ಗೆ ಇಡಿ. ಕಾದಿಟ್ಟರೆ ಗುಳ್ಳೆಗಳು ವ್ಯರ್ಥವಾಗುತ್ತವೆ. 20ರಿಂದ 22 ನಿಮಿಷದ ಬಳಿಕ ನಡುವೆ ಕಡ್ಡಿ ಚುಚ್ಚಿ ನೋಡಿ. ಹಸಿ ಹಿಟ್ಟು ಅಂಟದಿದ್ದರೆ ಬೆಂದಿದೆ. ಒಂದೆರಡು ತೇವದ ಪುಡಿ ಅಂಟಿದ್ದರೆ ಅದೇ ಸರಿಯಾದ ಹದ! ಅಚ್ಚಿನಲ್ಲಿ ಐದು ನಿಮಿಷ ಬಿಟ್ಟು, ಬಳಿಕ ತೆಗೆದು ಜಾಲರಿಯ ಮೇಲೆ ಆರಿಸಿ. ಅಚ್ಚಿನಲ್ಲೇ ಬಿಟ್ಟರೆ ಆವಿ ನೀರಾಗಿ ತಳ ಒದ್ದೆಯಾಗುತ್ತದೆ.

ಓವನ್ ಇಲ್ಲದವರಿಗೆ

ಕಾಲೇಜಿಗೆಂದು ಬಂದು ಬಾಡಿಗೆ ಕೋಣೆಯಲ್ಲಿರುವ ಹುಡುಗ-ಹುಡುಗಿಯರಿಗೆ ಓವನ್ ಎಲ್ಲಿಯದು? ಬೇಡ. ದಪ್ಪ ತಳದ ಹಳೆಯ ಅಲ್ಯೂಮಿನಿಯಂ ಪಾತ್ರೆಯೊಂದಿದ್ದರೆ ಸಾಕು. ಅದರೊಳಗೆ ಒಂದು ಸೆಂಟಿಮೀಟರ್‌ನಷ್ಟು ಪುಡಿ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ ಗ್ಯಾಸಿನ ನಡುವಣ ಉರಿಯಲ್ಲಿ 10 ನಿಮಿಷ ಕಾಯಿಸಿ. ಸ್ಟೀಲಿನ ಸಣ್ಣ ಬಟ್ಟಲುಗಳಿಗೆ ಹಿಟ್ಟು ತುಂಬಿ ಒಳಗಿಟ್ಟು, ಸಣ್ಣ ಉರಿಯಲ್ಲಿ 30ರಿಂದ 35 ನಿಮಿಷ ಬೇಯಿಸಿ. ಮೊದಲ 20 ನಿಮಿಷ ಮುಚ್ಚಳ ತೆರೆಯಬೇಡಿ. ಕುಕ್ಕರ್ ಬಳಸುವುದಾದರೆ ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ಕಡ್ಡಾಯವಾಗಿ ತೆಗೆದಿಡಿ. ಬಿಸಿ ಪಾತ್ರೆಯಿಂದ ಬಟ್ಟಲು ತೆಗೆಯುವ ಕೆಲಸ ದೊಡ್ಡವರದು. ಅದೂ ಆಗದಿದ್ದರೆ ಇಡ್ಲಿ ಪಾತ್ರೆಯ ಹಬೆಯಲ್ಲಿ 15-18 ನಿಮಿಷ ಬೇಯಿಸಬಹುದು. ಮೇಲಿನ ಕಂದು ಬಣ್ಣ ಬಾರದು, ಮೆದುತನಕ್ಕೇನೂ ಕೊರತೆಯಿಲ್ಲ.

ತರಕಾರಿಗೊಂದು ಗುಣ

ಸಿಹಿಗುಂಬಳ: ನೀರು ಹಾಕದೆ ಹಬೆಯಲ್ಲಿ ಬೇಯಿಸಿ, ಕಿವುಚಿ, ಬಾಳೆಹಣ್ಣಿನ ಬದಲು ಅಷ್ಟೇ ತೂಕ ಬಳಸಿ. ದೊಡ್ಡ ಕುಂಬಳ ತಂದರೆ ವಾರವಿಡೀ ಅದೇ ಸಾಂಬಾರು ಎನ್ನುವ ಸಣ್ಣ ಕುಟುಂಬಗಳಿಗೆ ಸಮೀಪದ ಹೆಸರಘಟ್ಟದಲ್ಲೇ ಪರಿಹಾರ ಹುಟ್ಟಿದೆ. 1967ರಲ್ಲಿ ಸ್ಥಾಪನೆಯಾದ ಅಲ್ಲಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಸೂರ್ಯಮುಖಿ’ ಸಣ್ಣ ಗಾತ್ರದ ಸಿಹಿಗುಂಬಳದ ತಳಿ. ಬಯಲುಸೀಮೆಯ ಹವೆಗೂ ಒಗ್ಗುವ ‘ಅರ್ಕಾ ಸೂರಜ್’ ಕ್ಯಾರೆಟ್ ಕೂಡ ಅದೇ ಸಂಸ್ಥೆಯ ಕೊಡುಗೆ.

ಸೋರೆಕಾಯಿ: ಮೊದಲು ಒಂದು ಹಸಿ ಚೂರನ್ನು ನಾಲಿಗೆಗೆ ತಾಗಿಸಿ ನೋಡಿ. ಕಹಿಯಿದ್ದರೆ ಇಡೀ ಕಾಯಿಯನ್ನು ಎಸೆಯಿರಿ. ಕಹಿ ಸೋರೆ ವಿಷಕಾರಿ, ಬೇಯಿಸಿದರೂ ಅದರ ದೋಷ ಹೋಗುವುದಿಲ್ಲ. ಸಿಹಿಯಾಗಿದ್ದರೆ ತುರಿದು ಹಿಂಡಿ, ಕ್ಯಾರೆಟ್ ಬದಲು ಬಳಸಿ. ಹಿಂಡಿದ ರಸವನ್ನು ಹಾಲಿನ ಬದಲು ಹಾಕಬಹುದು.

ಬೀಟ್‌ರೂಟ್: ಸೋಡಾ ಹೆಚ್ಚಾದರೆ ಕೆಂಪು ಹೋಗಿ ಕಂದಾಗುತ್ತದೆ. ಮೊಸರಿನ ಹುಳಿ ಬಣ್ಣವನ್ನು ಸ್ವಲ್ಪ ಕಾಪಾಡುತ್ತದೆ.

ಕಪ್ಪು ದ್ರಾಕ್ಷಿ: ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಬೀಜ ತೆಗೆದು ಹಾಕಿದರೆ ಅದರ ಸುತ್ತ ನೀಲಿ-ಹಸಿರು ಛಾಯೆ ಕಾಣಬಹುದು. ಗಾಬರಿ ಬೇಡ. ಅರಿಶಿನ ಸೋಡಾ ಸೋಕಿದಾಗ ಕೆಂಪಾಗುವಂತೆ, ದ್ರಾಕ್ಷಿಯ ಬಣ್ಣವೂ ಪ್ರತ್ಯಾಮ್ಲದಲ್ಲಿ ಬದಲಾಗುತ್ತದೆ. ಪ್ರಯೋಗಾಲಯದ ಸೂಚಕ ತಟ್ಟೆಯಲ್ಲೇ ಸಿಕ್ಕಂತಾಯಿತು!

ಅನಾನಸ್: ಹಸಿಯಾಗಿ ಮೊಸರಿಗೆ ಬೆರೆಸಿದರೆ ಅದರ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಕಹಿ ಬರಿಸುತ್ತದೆ. ಮೊದಲು ಐದು ನಿಮಿಷ ಬೇಯಿಸಿ, ಆರಿಸಿ ಬಳಸಿ.

ಗೋಧಿ ಹಿಟ್ಟಿನಲ್ಲಿ 50 ಗ್ರಾಂ ಕಡಿಮೆ ಮಾಡಿ ಅಷ್ಟೇ ರಾಗಿ ಹಿಟ್ಟು ಹಾಕಬಹುದು. ಅದಕ್ಕಿಂತ ಹೆಚ್ಚಾದರೆ ಮಫಿನ್ ಪುಡಿಪುಡಿಯಾಗುತ್ತದೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ.

ಸಿಹಿಯ ಲೆಕ್ಕ

ತರಕಾರಿ ಹಾಕಿದ ಮಾತ್ರಕ್ಕೆ ಮಫಿನ್ ಪಲ್ಯವಾಗುವುದಿಲ್ಲ, ಇದನ್ನು ತಂದೆ-ತಾಯಿಯರು ಮರೆಯಬಾರದು. ಮೇಲಿನ ಅಳತೆಯಲ್ಲಿ ಒಂದು ಮಫಿನ್‌ಗೆ 10 ಗ್ರಾಂ ಬೆಲ್ಲ ಬೀಳುತ್ತದೆ. ಹೊರಗಿನಿಂದ ಸೇರಿಸುವ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕೆ ಇಳಿದರೆ ಇನ್ನೂ ಒಳಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಶೇ 5 ಎಂದರೆ ವಯಸ್ಕರಿಗೆ ದಿನಕ್ಕೆ ಸುಮಾರು 25 ಗ್ರಾಂ, ಮಕ್ಕಳಿಗೆ ಇನ್ನೂ ಕಡಿಮೆ. ಬೆಲ್ಲವೂ ಈ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಸಂಜೆಗೆ ಒಂದು ಮಫಿನ್ ಸಾಕು, ಜೊತೆಗೆ ಒಂದು ಹಿಡಿ ಕಡಲೆಕಾಯಿ. ಬಾಳೆಹಣ್ಣು ಕಳಿತಷ್ಟೂ ಅದರ ಪಿಷ್ಟ ಸಕ್ಕರೆಯಾಗುತ್ತದೆ. ತೀರಾ ಕಳಿತ ಹಣ್ಣಿದ್ದರೆ ಬೆಲ್ಲವನ್ನು 90 ಗ್ರಾಂಗೆ ಇಳಿಸಿ ನೋಡಿ. ಆದರೆ ಬೆಲ್ಲವನ್ನು ಪೂರ್ತಿ ಬಿಟ್ಟರೆ ಸಿಹಿಯ ಜೊತೆ ತೇವವೂ ಹೋಗುತ್ತದೆ.

ಪೂರ್ತಿ ಆರಿದ ಮೇಲೆ ಮುಚ್ಚಳದ ಡಬ್ಬಿಯಲ್ಲಿಡಿ. ಎರಡು ದಿನ ಚೆನ್ನಾಗಿರುತ್ತದೆ. ಬೇಸಿಗೆಯಲ್ಲಿ ಅಷ್ಟೂ ಕಾಯಬೇಡಿ, ತೇವ ಇದ್ದಲ್ಲಿ ಬೂಸ್ಟು ಬೇಗ ಹಿಡಿಯುತ್ತದೆ. ಫ್ರಿಜ್‌ನ ಕೆಳಗಿನ ಅರೆಗಳಲ್ಲಿ ಪಿಷ್ಟ ಬೇಗ ಗಡುಸಾಗುವುದರಿಂದ ಹೆಚ್ಚು ದಿನಕ್ಕೆ ಬೇಕಿದ್ದರೆ ಫ್ರೀಜರ್‌ನಲ್ಲೇ ಇಟ್ಟು, ತಿನ್ನುವ ಮೊದಲು ಬಿಸಿ ಮಾಡಿ.

ಕೈ ಕುದುರಿದ ಮೇಲೆ

ಈ ಕೆಲಸ ರುಚಿಸಿದರೆ ಅಷ್ಟಕ್ಕೇ ನಿಲ್ಲಬೇಕಿಲ್ಲ. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಬೇಕರಿ ತರಬೇತಿ ಕೇಂದ್ರವಿದೆ. ಗೃಹಿಣಿಯರೂ ಸ್ವಂತ ಉದ್ಯೋಗ ಬಯಸುವ ಯುವಕ-ಯುವತಿಯರೂ ಅಲ್ಲಿ ಕಲಿತು ಹೊರಬಂದಿದ್ದಾರೆ. ಮನೆಯಲ್ಲಿ ಮಾಡಿ ಮಾರುವುದಾದರೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಲೇಬೇಕು ಎಂಬುದೂ ನೆನಪಿರಲಿ.

ಮಾರುವ ಮಾತು ಮುಂದಿನದು. ಸದ್ಯಕ್ಕೆ ಈ ಭಾನುವಾರ ಅಳತೆಯ ಲೋಟವನ್ನು ಮಗನ ಕೈಗೆ, ತುರಿಯುವ ಮಣೆಯನ್ನು ಮಗಳ ಕೈಗೆ ಕೊಡಿ, ಮುಂದಿನ ವಾರ ಅದಲು ಬದಲು ಮಾಡಿ. ತೂಗಿ, ಬರೆದಿಟ್ಟು, ಹಿಂದಿನ ಸಲ ಏನು ಹೆಚ್ಚಾಯಿತು, ಏನು ಕಡಿಮೆಯಾಯಿತು ಎಂದು ಅವರೇ ಲೆಕ್ಕ ಹಾಕಲಿ. ತಾನೇ ತುರಿದ ಸೋರೆಕಾಯಿಯನ್ನು ‘ಬೇಡ’ ಎನ್ನುವ ಮಗು ಅಪರೂಪ. ಮೂರನೆಯ ಸಲಕ್ಕೆ ಹದ ಅವರ ಕೈಗೇ ತಿಳಿಯುತ್ತದೆ.