ಲಕ್ಕಿ ಸೊಪ್ಪಿಗೆ ಪರೀಕ್ಷೆ

ಕಾಲು ಉಳುಕಿದರೆ ನಮ್ಮಲ್ಲಿ ಲಕ್ಕಿ ಸೊಪ್ಪು ಕಾಯಿಸಿ ಕಟ್ಟುತ್ತಾರೆ. ಅದು ಬಾವು ಇಳಿಸುತ್ತದೆಯೇ ಎಂದು ಪ್ರಯೋಗಾಲಯದಲ್ಲಿ ಹೇಗೆ ತಿಳಿಯುತ್ತಾರೆ? – ಓದುಗರೊಬ್ಬರು, ತುಳಸಿಗೇರಿ

ಬಾವನ್ನೇ ಅಳೆದು. ಇಲಿಗಳಿಗೆ ಎಲೆಯ ಸಾರ ಕುಡಿಸಿ, ಪಾದಕ್ಕೆ ಕೆಂಪು ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಚುಚ್ಚುತ್ತಾರೆ. 1962ರಿಂದ ಬಳಕೆಯಲ್ಲಿರುವ ವಿಧಾನವಿದು. ಕೆಲವೇ ಗಂಟೆಗಳಲ್ಲಿ ಪಾದ ಊದುತ್ತದೆ. ತುಂಬಿದ ಕೊಡದಲ್ಲಿ ಕೈ ಅದ್ದಿದರೆ ಕೈಯ ಗಾತ್ರದಷ್ಟೇ ನೀರು ಚೆಲ್ಲುತ್ತದಲ್ಲ, ಹಾಗೆಯೇ ಪಾದವನ್ನು ದ್ರವದಲ್ಲಿ ಅದ್ದಿ, ಏರಿದ ಮಟ್ಟದಿಂದ ಬಾವು ಎಷ್ಟೆಂದು ಗಂಟೆಗಂಟೆಗೂ ಗುರುತಿಸುತ್ತಾರೆ. ಆದರೆ ಬಾವು ತಾನಾಗಿಯೂ ಇಳಿಯುತ್ತದೆ! ಅದಕ್ಕೇ ಒಂದು ಗುಂಪಿಗೆ ಬರೀ ನೀರು, ಇನ್ನೊಂದಕ್ಕೆ ಇಂಡೊಮೆಥಾಸಿನ್‌ನಂಥ ಗೊತ್ತಿರುವ ಔಷಧಿ ಕೊಟ್ಟು ಹೋಲಿಸುತ್ತಾರೆ. ಈ ಹೋಲಿಕೆಯೇ ಪರೀಕ್ಷೆಯ ಜೀವ. ಲಕ್ಕಿ ಎಲೆಯ ಸಾರ ಇಲಿಗಳಲ್ಲಿ ಬಾವು ತಗ್ಗಿಸಿದೆ. ಹಾಗೆಂದು ವೈದ್ಯರನ್ನು ಕೇಳದೆ ಕಷಾಯ ಮಾಡಿ ಕುಡಿಯಬೇಡಿ.