ಮನೆಯೊಳಗೆ ಬಂದ ದನಿ

ಅಪರಿಚಿತನೊಬ್ಬನು ಹೊಸ್ತಿಲು ತುಳಿದರೆ, ‘ಯಾರ ಕಡೆಯವರು?’ ಎಂದು ವಿಚಾರಿಸದೆ ಗೃಹಸ್ಥರಾದ ನಾವು ಒಳಗೆ ಕರೆಯುವುದಿಲ್ಲ. ಆದರೆ ನಡುಮನೆಯಲ್ಲಿ ಕುಳಿತು ಮಾತನಾಡುವ ರೇಡಿಯೋವನ್ನು ಹೀಗೆ ವಿಚಾರಿಸುವುದುಂಟೆ? ಆಂಗ್ಲರ ಬಾನುಲಿಯನ್ನು ಕಟ್ಟಿದ ಜಾನ್ ರೀತ್ ಮಹಾಶಯರ ಚರಿತ್ರೆಯು ಈ ಪ್ರಶ್ನೆಯನ್ನೇ ನಮ್ಮ ಮುಂದಿಡುತ್ತದೆ.

1889ರಲ್ಲಿ ಸ್ಕಾಟ್ಲೆಂಡಿನ ಸ್ಟೋನ್‌ಹೇವನ್ ಎಂಬ ಊರಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದ ರೀತರು ಇಂಜಿನಿಯರಿಂಗ್ ಕಲಿತು, 1915ರ ಯುದ್ಧದಲ್ಲಿ ಕೆನ್ನೆಗೆ ಗುಂಡು ತಗಲಿಯೂ ಬದುಕಿ ಉಳಿದರು. 1922ರಲ್ಲಿ ಪತ್ರಿಕೆಯ ಜಾಹೀರಾತನ್ನು ಕಂಡು ಬಿ.ಬಿ.ಸಿ.ಗೆ ಅರ್ಜಿ ಹಾಕಿದಾಗ, ಬಾನುಲಿಯೆಂದರೆ ಏನೆಂಬುದೇ ಅವರಿಗೆ ತಿಳಿದಿರಲಿಲ್ಲ! ಆದರೂ ಆ ವರ್ಷಾಂತ್ಯದೊಳಗೆ ಅವರೇ ಅದರ ವ್ಯವಸ್ಥಾಪಕರಾದರು.

ರೇಡಿಯೋ ಇದ್ದ ಮನೆಯವರು ವರ್ಷಕ್ಕೆ 10 ಷಿಲಿಂಗ್ ಲೈಸೆನ್ಸ್ ಹಣವನ್ನು ತೆರುತ್ತಿದ್ದರು. ವ್ಯಾಪಾರಿಗಳ ಜಾಹೀರಾತಿಗೆ ಅಲ್ಲಿ ಎಡೆಯಿರಲಿಲ್ಲ. ಜನರಿಗೆ ತಿಳಿವಳಿಕೆ, ವಿದ್ಯೆ, ವಿನೋದ ಈ ಮೂರೂ ದೊರೆಯಬೇಕೆಂಬುದು ರೀತರ ಹಟವಾಗಿತ್ತು.

1926ರ ಮೇ ತಿಂಗಳಿನಲ್ಲಿ ದೇಶವ್ಯಾಪಿಯಾದ ಕಾರ್ಮಿಕರ ಮುಷ್ಕರವು ನಡೆದು, ವೃತ್ತಪತ್ರಿಕೆಗಳು ಬಹುಮಟ್ಟಿಗೆ ನಿಂತುಹೋದುವು. ಬಾನುಲಿಯನ್ನು ಸರಕಾರವು ವಶಪಡಿಸಿಕೊಳ್ಳಬೇಕೆಂದು ಚರ್ಚಿಲ್ಲರು ಪಟ್ಟುಹಿಡಿದರು. ರೀತರು ಅದಕ್ಕೆ ಎಡೆಗೊಡಲಿಲ್ಲ. ಆದರೆ ಪ್ರಧಾನಿ ಬಾಲ್ಡ್ವಿನ್ನರು ರೀತರ ಮನೆಯಿಂದಲೇ ದೇಶವನ್ನುದ್ದೇಶಿಸಿ ಮಾತನಾಡಿದರು. ಕಾರ್ಮಿಕ ಪಕ್ಷದ ಮುಖಂಡರಾದ ಮ್ಯಾಕ್‌ಡೊನಾಲ್ಡರಿಗೆ ಮಾತ್ರ ಅವಕಾಶವು ದೊರೆಯಲಿಲ್ಲ. ತಾವು ನಿಜವಾಗಿ ನಿಷ್ಪಕ್ಷಪಾತಿಗಳಾಗಿ ನಡೆಯುವುದಿಲ್ಲವೆಂಬ ಭರವಸೆ ಸರಕಾರಕ್ಕೆ ಇದೆಯೆಂದು ರೀತರೇ ದಿನಚರಿಯಲ್ಲಿ ಬರೆದುಕೊಂಡರು. ಸಂಸ್ಥೆಯು ಉಳಿಯಿತು, ಆದರೆ ಅದಕ್ಕೆ ತೆತ್ತ ಬೆಲೆಯೇನು ಅಲ್ಪವೆ?

1927ರಲ್ಲಿ ಬಿ.ಬಿ.ಸಿ.ಯು ರಾಜಶಾಸನದಿಂದ ಸ್ಥಾಪಿತವಾದ ಸಾರ್ವಜನಿಕ ಸಂಸ್ಥೆಯಾಯಿತು. 1938ರಲ್ಲಿ ರೀತರು ಅದನ್ನು ಬಿಟ್ಟಾಗ ಲೈಸೆನ್ಸುಗಳು 80 ಲಕ್ಷವನ್ನು ಮೀರಿದ್ದುವು. ಅಲ್ಲಿಂದ ಬಂದ ಲಯನೆಲ್ ಫೀಲ್ಡನ್ನರು 1935ರಲ್ಲಿ ನಮ್ಮ ದೇಶದ ಬಾನುಲಿಗೆ ಮುಖ್ಯಾಧಿಕಾರಿಗಳಾದರು. ಅದೇ ವರ್ಷ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರವನ್ನು ಆರಂಭಿಸಿದರು.

ರೀತರು 1971ರಲ್ಲಿ ಗತಿಸಿದರು. ಸ್ವಾತಂತ್ರ್ಯವನ್ನು ಉಳಿಸಿಕೊಂಡ ಅವರ ಧೈರ್ಯವನ್ನು ನಾವು ಮೆಚ್ಚುವೆವು; ಅವರು ಬಾಗಿದ ಗಳಿಗೆಯನ್ನೂ ಮರೆಯಲಾರೆವು. ದನಿಯು ಎಷ್ಟೇ ಇಂಪಾಗಿರಲಿ, ಅದು ಯಾರ ಕಡೆಯದೆಂದು ವಿಚಾರಿಸುವುದು ಮನೆಯವರ ಧರ್ಮವೇ ಸರಿ.