ಅಜ್ಜಿ ಬಿಟ್ಟಿದ್ದ ಬಿ.ಪಿ. ಮಾತ್ರೆ



ನಮ್ಮಜ್ಜಿ ಮೂರು ತಿಂಗಳಿಂದ ಬಿ.ಪಿ. ಮಾತ್ರೆ ನುಂಗಿರಲಿಲ್ಲ. ಎಲ್ಲಾ ಎಲೆಅಡಿಕೆ ಚೀಲದಲ್ಲೇ ಇದ್ದವು. ಕೇಳಿದ್ದಕ್ಕೆ, "ತಲೆ ಸುತ್ತಲ್ಲ, ಏನಿಲ್ಲ. ಹೊಲಕ್ಕೆ ಹೋಗಿ ಬತ್ತಾ ಇವ್ನಿ. ಚೆನ್ನಾಗಿರೋಳ್ಗೆ ಮಾತ್ರೆ ಯಾಕ್ ಮಗಾ?" ಅಂದಳು. ಆಶಾ ಅಕ್ಕನ ಜೊತೆ ಬಂದ ಸಿಸ್ಟರ್ ತೋಳಿಗೆ ಪಟ್ಟಿ ಸುತ್ತಿ ನೋಡಿದರೆ 180/100! ಆ ವಾರವೇ ಅಪ್ಪ ಅಜ್ಜಿಯನ್ನು ಕುಣಿಗಲ್ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು, ಸಿಸ್ಟರು ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೋಟದ ಮೋಟಾರು ಹಾಕಿದಾಗ ನೀರು ಪೈಪನ್ನು ಒಳಗಿನಿಂದ ಒತ್ತುತ್ತದಲ್ಲವೇ? ಹಾಗೇ ರಕ್ತವೂ ರಕ್ತನಾಳದ ಗೋಡೆಯನ್ನು ಒತ್ತುತ್ತದೆ. ಅದೇ ಬಿ.ಪಿ., ಅಂದರೆ ರಕ್ತದೊತ್ತಡ. ಮೇಲಿನ ಸಂಖ್ಯೆ ಹೃದಯ ಹಿಂಡಿದಾಗಿನ ಒತ್ತಡ, ಕೆಳಗಿನದು ಸಡಿಲವಾದಾಗಿನದು. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಧಿಕ ರಕ್ತದೊತ್ತಡ ಅನ್ನುತ್ತಾರೆ. (ಓಡಿ ಬಂದ ತಕ್ಷಣ ಬಿ.ಪಿ. ನೋಡಿಸಬಾರದು. ಐದು ನಿಮಿಷ ಸುಮ್ಮನೆ ಕೂರಬೇಕು. ನಮ್ಮಜ್ಜಿಗೆ ಮಾತಾಡದೆ ಕೂರುವುದೇ ಕಷ್ಟವಾಯಿತು.)

ಪೈಪು ಹೇಳಿ ಒಡೆಯುತ್ತದೆಯೇ? ಬಹಳ ಜನಕ್ಕೆ ಬಿ.ಪಿ. ಏರಿದ್ದು ಗೊತ್ತೇ ಆಗಲ್ಲ. ಒಳಗೊಳಗೇ ಹೃದಯ, ಮೂತ್ರಪಿಂಡ, ಕಣ್ಣು ಕೆಡುತ್ತವೆ. ಮಿದುಳಿನ ರಕ್ತನಾಳ ಒಡೆದರೆ ಅಥವಾ ಕಟ್ಟಿಕೊಂಡರೆ ಲಕ್ವ. ನಮ್ಮ ಬೀದಿಯಲ್ಲಿ ಒಬ್ಬರಿಗೆ ಬೆಳಿಗ್ಗೆ ಲಕ್ವ ಹೊಡೆದಾಗ ಮೊದಲು ನಾಟಿ ಔಷಧಿಗೆ ಕರೆದೊಯ್ದರು, ಆಸ್ಪತ್ರೆಗೆ ಹೋದದ್ದು ಸಂಜೆ. ರಕ್ತ ಹೆಪ್ಪುಗಟ್ಟಿ ಆದ ಲಕ್ವವಾದರೆ, ಅದನ್ನು ಕರಗಿಸುವ ಇಂಜೆಕ್ಷನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ಅವರಿಗೆ ಈಗಲೂ ಬಲಗೈ ಏಳುವುದಿಲ್ಲ.

"ಬೆವರು ಸುರಿಸಿ ದುಡಿಯೋರ್ಗೆ ಬಿ.ಪಿ. ಬರಲ್ಲ, ಅದು ಪೇಟೆಯೋರ ಕಾಯಿಲೆ" ಅನ್ನುತ್ತಾರೆ. ಅದು ಸುಳ್ಳು. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಸಾರಿಗೆ ಉಪ್ಪು, ಮಜ್ಜಿಗೆಗೆ ಉಪ್ಪು, ನೆಂಚಿಕೊಳ್ಳಲು ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ. ಅಜ್ಜಿಗೆ ಇದರ ಮೇಲೆ ಹೊಗೆಸೊಪ್ಪು ಬೇರೆ.

ಬಿ.ಪಿ. ಇಳಿದ ಕೂಡಲೇ ವಾಸಿಯಾಯಿತೆಂದು ಮಾತ್ರೆ ಬಿಡುವವರಿದ್ದಾರೆ. ಇಳಿದದ್ದು ಮಾತ್ರೆಯಿಂದ, ಬಿಟ್ಟರೆ ಮತ್ತೆ ಏರುತ್ತದೆ. ಕೂಲಿ ಬಿಟ್ಟು ಬಸ್ಸಿಗೆ ಕಾಯಲಾಗದೆ ಮಾತ್ರೆ ನಿಲ್ಲಿಸಿದವರೂ ಇದ್ದಾರೆ, ಅವರನ್ನು ಬೈದು ಏನು ಪ್ರಯೋಜನ? 30 ವರ್ಷ ದಾಟಿದವರನ್ನು ಮನೆಗೇ ಬಂದು ಪರೀಕ್ಷಿಸುವ ಸರ್ಕಾರದ 'ಗೃಹ ಆರೋಗ್ಯ' ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಗಿ, 2025ರಲ್ಲಿ ಬೇರೆ ಜಿಲ್ಲೆಗಳಿಗೂ ಬಂತು.

ಈಗ ಮಾತ್ರೆ ಚೀಟಿಯನ್ನು ಕ್ಯಾಲೆಂಡರಿನ ಮೊಳೆಗೇ ನೇತು ಹಾಕಿದ್ದೇವೆ. ಅಜ್ಜಿ ನುಂಗಿದ ದಿನ ನಾನು ಗೀಟು ಹಾಕುತ್ತೇನೆ. ಹೋದ ತಿಂಗಳು ಅತ್ತೆ ಊರಿನ ಜಾತ್ರೆಗೆ ಹೋಗಿದ್ದಳು. ಆ ಎರಡು ದಿನ ಗೀಟು ಇಲ್ಲ.